ಕೂಸಿನ ಕೌದಿಯೊಳಗೆ ಹೊಲಿದ ಸೊಪ್ಪು

ನನ್ನ ಮೊಮ್ಮಗಳು ಭಾಗ್ಯಾ ವಕೀಲಳಾದಳು. ಹೋದ ಸೋಮವಾರದಿಂದ ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಕಾಯಿಪಲ್ಲೆಯವಳಿಗೆ ಹೇಳಿದೆ, ಗಿರಣಿಯಲ್ಲಿ ಜೋಳ ಬೀಸಲು ಪಾಳಿ ಹಚ್ಚಿ ನಿಂತವರಿಗೆಲ್ಲ ಹೇಳಿದೆ, ಹಾಲಿನವನಿಗಂತೂ ಎರಡು ಸಲ ಹೇಳಿದೆ. "ನಿನ್ನೇನೂ ಹೇಳಿದ್ರಲ್ಲ, ಆಯಿ" ಎಂದ ಅವನು. "ನಾಳೀನೂ ಹೇಳ್ತೇನಿ, ಕೇಳಾಕ ತಯಾರಾಗಿ ಬಾ" ಎಂದೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಸೂಜಿ ಹಿಡಿದವಳು ನಾನು. ನನ್ನ ಮನೆಯ ಹುಡುಗಿ ಕರಿ ಕೋಟು ಹಾಕಿಕೊಂಡು ಕೋರ್ಟಿನ ಮೆಟ್ಟಿಲು ಹತ್ತಿದರೆ ಬಾಯಿ ಮುಚ್ಚಿಕೊಂಡು ಹೇಗೆ ಕೂರಲಿ?

ಆ ಸೋಮವಾರ ಅವಳು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಮಡಿಚಿಟ್ಟ ಇಳಕಲ್ ಸೀರೆ ತೆಗೆದು ಉಟ್ಟುಕೊಂಡು ಅವಳ ಹಿಂದೆ ನಡೆದೆ. ಒಂದು ಕಡೆ ಬಾಕಿನ ಮೇಲೆ ಇಬ್ಬರು ಪೊಲೀಸರು ಕುಳಿತಿದ್ದರು. ಅವರ ನಡುವೆ ಅರಗಿನ ಮುದ್ರೆ ಒತ್ತಿದ ಒಂದು ಬಟ್ಟೆಯ ಗಂಟು ಇತ್ತು. ಅದರ ಮುಂದಿನಿಂದ ಹಾಯುವಾಗ ವಾಸನೆ ಮೂಗಿಗೆ ಬಡಿಯಿತು. ಮಳೆಯಲ್ಲಿ ನೆನೆದು ಮುಗ್ಗಿದ ಮೇವಿನಂಥ ಘಾಟು, ಅದರೊಳಗೆ ಒಂದಿಷ್ಟು ಸಿಹಿ. ನನ್ನ ಕಾಲು ಅಲ್ಲೇ ನಿಂತುಬಿಟ್ಟವು. ಭಾಗ್ಯಾ ತಿರುಗಿ ನೋಡಿದಳು. ಅವಳಿಗೂ ಗೊತ್ತಾಯಿತು. "ಸುಮ್ನ ನಡಿಯಬೇ" ಎಂದು ನನ್ನ ಮೊಣಕೈ ಹಿಡಿದಳು. ಅವಳ ತುಟಿಯ ಮೂಲೆಯಲ್ಲಿ ನಗು ಇತ್ತು. ನನ್ನ ಅಂಗೈ ಮಾತ್ರ ಮೂರು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ಬೆವರಿದ ಹಾಗೆಯೇ ಬೆವರಿತ್ತು.

ಆ ವರ್ಷ ಶ್ರಾವಣದಲ್ಲಿ ಹಿಡಿದ ಮಳೆ ಗಣಪತಿ ಹಬ್ಬ ಬಂದರೂ ಬಿಟ್ಟಿರಲಿಲ್ಲ. ಹಳೇ ಹುಬ್ಬಳ್ಳಿಯ ನಮ್ಮ ಓಣಿ ಇಬ್ಬರು ಎದುರುಬದುರು ಬಂದರೆ ಒಬ್ಬರು ಕಟ್ಟೆ ಹತ್ತಿ ನಿಲ್ಲುವಷ್ಟು ಸಣ್ಣದು. ಅದರಲ್ಲಿ ದಿನವಿಡೀ ಕೆಸರುನೀರು ಹರಿಯುತ್ತಿತ್ತು. ಮಗ ಬಸವರಾಜ ಬೆಳಗ್ಗೆ ತಾರಿಹಾಳದ ಲೇತ್ ಕಾರ್ಖಾನೆಗೆ ಹೋದರೆ ಸಂಜೆಗೇ ಬರುವುದು. ಸೊಸೆ ಗಿರಿಜಾ ಖಾನಾವಳಿಗೆ ರೊಟ್ಟಿ ಬಡಿದು ಕೊಡುತ್ತಿದ್ದಳು. ನಾನು ಹಳೆಯ ಬಟ್ಟೆ ಕೂಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದೆ. ಭಾಗ್ಯಾ ಕಾನೂನು ಕಾಲೇಜಿನಲ್ಲಿ ಓದುತ್ತಿದ್ದಳು. ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆ ಪೊಲೀಸ್ ಪೇದೆ ಈರಣ್ಣನದು. ಅವನ ಹೆಂಡತಿ ಮೀನಾಕ್ಷಿ ಹೆರಿಗೆ ಮುಗಿಸಿ ತವರಿನಿಂದ ಬಂದು ಎರಡು ವಾರವಾಗಿತ್ತು. ತನ್ನ ಹೆಣ್ಣುಕೂಸಿಗೆ ಒಂದು ಸಣ್ಣ ಕೌದಿ ಹೊಲಿದು ಕೊಡಲು ಹೇಳಿದ್ದಳು. ಹಳೆಯ ಮೆತ್ತನೆಯ ಸೀರೆಗಳನ್ನೂ ಈರಣ್ಣನ ಅಪ್ಪನ ಒಂದು ಧೋತರವನ್ನೂ ತಂದುಕೊಟ್ಟಿದ್ದಳು.

ಕೌದಿಯನ್ನು ನಾವು ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತೇವೆ. ನಡುವಿನ ತುಂಡು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ಒಳಗೆ ಉಗುರಿನಷ್ಟು ರೊಟ್ಟಿಯ ಚೂರು ಇಡಬೇಕು. ಉಪವಾಸ ಇದ್ದ ಕೌದಿ ಹೊದ್ದವರನ್ನು ಬೆಚ್ಚಗಿಡುವುದಿಲ್ಲ ಎಂದು ನನ್ನ ಅವ್ವ ಹೇಳುತ್ತಿದ್ದಳು. ನನ್ನ ಇಷ್ಟು ವರ್ಷದ ಹೊಲಿಗೆಯಲ್ಲಿ ಹೊಟ್ಟೆ ತುಂಬಿಸದೆ ಒಂದು ಕೌದಿಯನ್ನೂ ಕೊಟ್ಟಿಲ್ಲ.

ಆ ದಿನ ಮಧ್ಯಾಹ್ನ ಭಾಗ್ಯಾ ತೋಯ್ದು ತೊಪ್ಪೆಯಾಗಿ ಬಂದಳು. ಚೀಲ ಮೂಲೆಗೆ ಒಗೆದು, ಬೇರೆ ಬಟ್ಟೆ ಹಾಕಿಕೊಂಡು, ಗೆಳತಿಯ ಮನೆಗೆಂದು ಛತ್ರಿ ಹಿಡಿದು ಮತ್ತೆ ಹೊರಟಳು. ಚೀಲದಿಂದ ನೀರು ಸೋರಿ ನೆಲಕ್ಕೆ ಹರಿಯುತ್ತಿತ್ತು. ಪುಸ್ತಕ ಹಾಳಾದಾವು ಎಂದು ಒಂದೊಂದೇ ತೆಗೆದು ಗಿರಿಜಾಳ ಒಲೆಯ ಪಕ್ಕ ಹರವತೊಡಗಿದೆ. ಒಂದು ನೋಟುಬುಕ್ಕು ತೆರೆದುಕೊಂಡಿತು. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. "ಗಾಂಜಾ ಕಾನೂನುಬದ್ಧ ಆಗಬೇಕು. ಏಕೆಂದರೆ" ಅಂತ ಇತ್ತು. ಅಕ್ಷರ ಅವಳದೇ. ಮುಂದಿನದೆಲ್ಲ ಮಳೆನೀರಿಗೆ ಹರಡಿ ನೀಲಿ ಕಲೆಯಾಗಿತ್ತು. ಅದೇ ನೋಟುಬುಕ್ಕಿನ ನಡುವೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪೊಟ್ಟಣ ಇತ್ತು. ಬಿಚ್ಚುವುದೂ ಬೇಕಾಗಲಿಲ್ಲ. ನನ್ನ ತವರು ಮುಗದದಲ್ಲಿ ಎತ್ತಿಗೆ ಹೊಟ್ಟೆ ಕೆಟ್ಟರೆ ಅಪ್ಪ ಈ ಸೊಪ್ಪನ್ನು ಬೆಲ್ಲದ ಜೊತೆ ಅರೆದು ಬಿದಿರಿನ ಗೊಟ್ಟದಲ್ಲಿ ಕುಡಿಸುತ್ತಿದ್ದ. ಆ ವಾಸನೆಯನ್ನು ನಾನು ಮರೆಯುವವಳಲ್ಲ.

ಎತ್ತಿಗಾದರೆ ಔಷಧ. ನನ್ನ ಮೊಮ್ಮಗಳ ಚೀಲದಲ್ಲಿ ಏನದು?

ಅದಕ್ಕೆ ಹದಿನೈದು ದಿನ ಮೊದಲು ಹಿಂದಿನ ಓಣಿಯ ಶಾರದವ್ವನ ಮಗನನ್ನು, ಮದುವೆಯಾಗಿ ಮಗಳಿದ್ದವನನ್ನು, ಮುಖಕ್ಕೆ ಟವೆಲ್ ಹೊದಿಸಿ ಜೀಪಿನಲ್ಲಿ ಕೂರಿಸಿಕೊಂಡು ಹೋಗಿದ್ದರು. ಇಂಥದೇ ಪೊಟ್ಟಣ ಸಿಕ್ಕಿತ್ತಂತೆ. ಶಾರದವ್ವ ಆವತ್ತಿನಿಂದ ತಲೆಬಾಗಿಲು ತೆಗೆಯುವುದನ್ನೇ ಬಿಟ್ಟಿದ್ದಳು. ನೀರು ಬಂದಾಗಲೂ ಹೊರಗೆ ಬರುತ್ತಿರಲಿಲ್ಲ, ಪಕ್ಕದವರೇ ಅವಳ ಕೊಡ ತುಂಬಿ ಕಿಟಕಿಯ ಕೆಳಗೆ ಇಟ್ಟು ಹೋಗುತ್ತಿದ್ದರು. ನನಗೆ ಆ ಕೊಡಗಳೇ ಕಣ್ಣಿಗೆ ಕಟ್ಟಿದವು. ಕೇಸು ಬಿದ್ದವಳಿಗೆ ವಕೀಲಿ ಎಲ್ಲಿಂದ ಬಂತು, ಮದುವೆ ಎಲ್ಲಿಂದ ಬಂತು.

ಈಗ ಈ ಕತೆ ಕೇಳಿದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ, ಸಂಡಾಸಿನಲ್ಲಿ ಸುರಿದು ನೀರು ಹಾಕಬಾರದಿತ್ತೇ ಎಂದು. ನಳದಲ್ಲಿ ನೀರು ಬಂದು ಆರು ದಿನವಾಗಿತ್ತು, ಕುಡಿಯಲು ಎರಡು ಕೊಡ ಉಳಿದಿತ್ತು. ಒಲೆಗೆ ಹಾಕಿದರೆ ಹೊಗೆ ಸೀದಾ ಈರಣ್ಣನ ಕಿಟಕಿಗೇ. ಕಸದ ಗಾಡಿಗೆ ಕೊಟ್ಟರೆ ಹಸಿ ಕಸ, ಒಣ ಕಸ ಎಂದು ಬಿಚ್ಚಿ ನೋಡುವ ಹೆಣ್ಣುಮಗಳು ಬರುತ್ತಿದ್ದಳು. ಖರೆ ಹೇಳಬೇಕೆಂದರೆ ಇಷ್ಟೆಲ್ಲ ವಿಚಾರವನ್ನೂ ನಾನು ಆಮೇಲೆ ಮಾಡಿದ್ದು. ಹೆದರಿದಾಗ ಕೈ ತನಗೆ ಗೊತ್ತಿದ್ದ ಕೆಲಸವನ್ನೇ ಮಾಡುತ್ತದೆ. ನನ್ನ ಕೈಗೆ ಗೊತ್ತಿದ್ದದ್ದು ಹೊಲಿಯುವುದು. ಕೂಸಿನ ಕೌದಿ ತೊಡೆಯ ಹತ್ತಿರವೇ ಬಿದ್ದಿತ್ತು, ಹೊಟ್ಟೆ ಇನ್ನೂ ಮುಚ್ಚಿರಲಿಲ್ಲ. ಪ್ಲಾಸ್ಟಿಕ್ ಚರಚರ ಎನ್ನುತ್ತದೆಂದು ಬಿಚ್ಚಿ ತೆಗೆದೆ, ಸೊಪ್ಪನ್ನು ಧೋತರದ ತುಂಡಿನಲ್ಲಿ ಚಪ್ಪಟೆಯಾಗಿ ಸುತ್ತಿ, ರೊಟ್ಟಿ ಇಡುವ ಜಾಗದಲ್ಲಿ ಇಟ್ಟು ಹೊಲಿದುಬಿಟ್ಟೆ. ಅಷ್ಟು ಒತ್ತೊತ್ತಾಗಿ ನಾನು ಜನ್ಮದಲ್ಲಿ ಹೊಲಿದಿರಲಿಲ್ಲ.

ಈ ಕೌದಿಯನ್ನು ಟ್ರಂಕಿನ ತಳಕ್ಕೆ ಹಾಕಿ ಮೀನಾಕ್ಷಿಗೆ ಬೇರೆಯದನ್ನು ಹೊಲಿದು ಕೊಡುವುದು ಎಂದು ಲೆಕ್ಕ ಹಾಕಿದ್ದೆ. ಮರುದಿನ ದಾರದ ಉಂಡೆ ತರಲು ಪೇಟೆಗೆ ಹೋಗಿ ಬಂದೆ. ಬಂದು ನೋಡಿದರೆ ಕೌದಿ ಇಲ್ಲ.

"ಗಿರಿಜಾ, ಇಲ್ಲಿ ಕೂಸಿನ ಕೌದಿ ಇತ್ತಲ್ಲ?"

"ಕೊಟ್ಟ ಬಿಟ್ನಿ, ಅತ್ತಿ" ಎಂದಳು ಗಿರಿಜಾ, ರೊಟ್ಟಿಯಿಂದ ಕಣ್ಣು ಎತ್ತದೆ. "ಮೀನಾಕ್ಷಿ ಬಂದಿದ್ಲು. ಮುಗಿದೈತಿ ನೋಡ್ರಿ, ಒಯ್ರಿ ಅಂದ್ನಿ. ಎಷ್ಟ ಖುಷಿ ಆತ ಆಕಿಗೆ. ನಡುವ ಹೊಲಿಗಿ ಭಾಳ ಗಟ್ಟಿ ಹಾಕೀರಿ ಅಂದ್ಲು."

ಪೊಲೀಸನ ಮನೆಯಲ್ಲಿ, ಪೊಲೀಸನ ಕೂಸಿನ ಮೈಮೇಲೆ, ನನ್ನ ಕೈಯಾರೆ ಹೊಲಿದ ಗಾಂಜಾ.

ಆ ಹತ್ತು ದಿನ ನಾನು ಹೇಗೆ ಉಂಡೆ, ಏನು ಉಂಡೆ ನೆನಪಿಲ್ಲ. ದಿನಕ್ಕೆ ಎರಡು ಸಲ ಕೂಸನ್ನು ನೋಡುವ ನೆಪದಲ್ಲಿ ಹೋಗುತ್ತಿದ್ದೆ. ಕೂಸನ್ನು ಎತ್ತಿಕೊಂಡು ಕೌದಿಗೆ ಮೂಗು ಹಚ್ಚುತ್ತಿದ್ದೆ. "ಆಯಿಗೆ ನನ್ನ ಮಗಳ ಮ್ಯಾಲ ಎಷ್ಟ ಜೀವ ನೋಡ್ರಿ" ಎಂದು ಮೀನಾಕ್ಷಿ ಗಂಡನಿಗೆ ಹೇಳುತ್ತಿದ್ದಳು. ಈರಣ್ಣ ಬೂಟಿನ ಲೇಸು ಕಟ್ಟುತ್ತ ನಗುತ್ತಿದ್ದ. ಅವನು ಕತ್ತು ಎತ್ತಿದಾಗೊಮ್ಮೆ ನನ್ನ ಎದೆಯೊಳಗೆ ಒಂದು ಕೊಡ ಉರುಳಿದಂತಾಗುತ್ತಿತ್ತು. ಕೂಸಿನ ಕೌದಿ ಎಂದ ಮೇಲೆ ದಿನಕ್ಕೊಮ್ಮೆ ನೆನೆಯುತ್ತದೆ, ದಿನಕ್ಕೊಮ್ಮೆ ಒಗೆಯುತ್ತಾರೆ. ಮಳೆಗೆ ಒಣಗುವುದಿಲ್ಲ. ಮೂರನೆಯ ದಿನ ಅವರ ಪಡಸಾಲೆಯ ಹಗ್ಗದ ಮೇಲೆ ನೋಡುತ್ತೇನೆ, ಕೌದಿಯ ನಟ್ಟನಡುವೆ ಹಸಿರು ಕಲೆ. ಐದನೆಯ ದಿನಕ್ಕೆ ಅದು ಅಂಗೈಯಷ್ಟು ಅಗಲವಾಗಿತ್ತು. ಅದರ ಪಕ್ಕದಲ್ಲೇ ಈರಣ್ಣನ ಖಾಕಿ ಅಂಗಿ, ಹೆಗಲಿಗೆ ಹೆಗಲು ತಾಗಿಸಿ.

ಇತ್ತ ಮನೆಯಲ್ಲಿ ಭಾಗ್ಯಾ ಹುಡುಕುತ್ತಿದ್ದಳು. ಚೀಲ ಕೊಡವಿದಳು, ಕಪಾಟು ತೆಗೆದಳು, ಹಾಸಿಗೆ ಎತ್ತಿದಳು. "ಏನ್ ಹುಡಕಾಕತ್ತಿ?" ಎಂದು ಗಿರಿಜಾ ಕೇಳಿದರೆ "ಏನಿಲ್ಲವ್ವಾ, ಪೆನ್ನು" ಎಂದಳು. ಆ ಒಂದು ಸುಳ್ಳು ನನ್ನನ್ನು ಅರ್ಧ ಕೊಂದಿತು. ಅವಳು ಮಲಗಿದಾಗ ದುಪಟ್ಟಾ ಮೂಸಿ ನೋಡಿದೆ. ತಲೆ ಬಾಚುವಾಗ ಕೂದಲು ಮೂಸಿದೆ. ಊಟಕ್ಕೆ ಕುಳಿತಾಗ ಕಣ್ಣು ಕೆಂಪಾಗಿವೆಯೇ ಎಂದು ದೀಪದ ಕಡೆ ತಿರುಗಿಸಿ ನೋಡಿದೆ. "ಏನಾಗೇತಬೇ ನಿನಗ? ಎಮ್ಮಿ ವ್ಯಾಪಾರಕ್ಕ ಬಂದವರಗತೆ ನೋಡಾಕತ್ತಿಯಲ್ಲ, ಹಲ್ಲೂ ತೋರಿಸ್ಲೇನು?" ಎಂದಳು. ನಾನು ನಗಲಿಲ್ಲ. ಕೇಳಲೂ ಇಲ್ಲ. ಒಂದು ಮಾತು ಕೇಳಿದ್ದರೆ ಆಗಲೇ ಮುಗಿಯುತ್ತಿತ್ತು.

ಹತ್ತನೆಯ ದಿನ ಮೀನಾಕ್ಷಿ ಕಟ್ಟೆಯ ಮೇಲಿಂದಲೇ ಕೂಗಿದಳು. "ಆಯಿ, ನಿಮ್ಮ ಕೌದಿ ಹಸರ ಬಣ್ಣ ಬಿಡಾಕತ್ತೈತಿ ನೋಡ್ರಿ. ನಾ ಕೊಟ್ಟ ಸೀರ್ಯಾಗ ಹಸರ ಇರಲೇ ಇಲ್ಲಲ್ರಿ."

ಈರಣ್ಣ ಗಣಪತಿ ಬಂದೋಬಸ್ತಿಗೆ ಹೋಗಿದ್ದ. ಇದೇ ಸಮಯವೆಂದು ಕತ್ತರಿ, ಸೂಜಿ, ಒಂದು ರೊಟ್ಟಿಯ ಚೂರು ಹಿಡಿದುಕೊಂಡು ಓಡಿದೆ. "ಹೊಟ್ಟಿ ತುಂಬಿಸೋದ ಮರತಿದ್ನೆವ್ವಾ. ಮನಿಗೆ ಒಯ್ದು ಸರಿ ಮಾಡಿ ಕೊಡ್ತೇನಿ."

"ಅದಕ್ಯಾಕ ಮನಿಗೆ ಒಯ್ತೀರಿ? ಕುಂಡ್ರಿ, ನಾನೂ ಬಿಚ್ಚತೇನಿ" ಎಂದು ಅವಳು ಎದುರಿಗೇ ಕುಳಿತಳು. ನಾನು ಬೇಡವೆನ್ನುವುದರೊಳಗೆ ಕತ್ತರಿ ಕಸಿದುಕೊಂಡು ದಾರ ಕತ್ತರಿಸತೊಡಗಿದಳು. "ಎಷ್ಟ ಗಟ್ಟಿ ಹೊಲದೀರಬೇ. ಒಳಗ ಏನ್ ಬಂಗಾರ ಇಟ್ಟೀರೇನು?" ಎಂದು ನಗುತ್ತಲೇ ಇದ್ದಳು. ಆಮೇಲೆ ಒದ್ದೆಯಾದ ಗಂಟು ಅವಳ ಕೈಗೆ ಬಂತು. ಬಿಚ್ಚಿದಳು. ಮೂಸಿದಳು.

ಅವಳ ಮುಖ ನೋಡಿ ನನಗೆ ಗೊತ್ತಾಯಿತು, ಈ ವಾಸನೆ ಅವಳಿಗೂ ಹೊಸದಲ್ಲ.

"ನನ್ನ ತಮ್ಮನ ಅಂಗಿ ಒಗೀವಾಗ ಕಿಸೆದಾಗ ಸಿಗತಿತ್ತು" ಎಂದಳು ಮೆಲ್ಲಗೆ. "ನಾ ಒಗದ ಒಣಗಿಸಿ ಸುಮ್ನ ಇರ್ತಿದ್ನಿ. ಅಪ್ಪಗ ಹೇಳಲಿಲ್ಲ." ಆಮೇಲೆ ದನಿ ಗಟ್ಟಿಯಾಯಿತು. "ನನ್ನ ಕೂಸಿನ ಎದಿ ಮ್ಯಾಲ ಹತ್ತ ದಿನ ಇದನ್ನ ಹೊಚ್ಚಿಸೀರಿ, ಆಯಿ. ನಿಮ್ಮನ್ನ ನಮ್ಮವ್ವ ಅನಕೊಂಡಿದ್ನಿ ನಾನು."

ನಾನು ಎಲ್ಲ ಹೇಳಿದೆ. ನೋಟುಬುಕ್ಕು, ಪೊಟ್ಟಣ, ನೀರಿಲ್ಲದ ಸಂಡಾಸು, ಗಿರಿಜಾ ಕೌದಿ ಕೊಟ್ಟದ್ದು. ಹೇಳುತ್ತ ಹೇಳುತ್ತ ಅವಳ ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು. "ಸಂಜೀಕ ಅವರು ಬರ್ತಾರ. ನಾ ಅವರಿಗೆ ಸುಳ್ಳ ಹೇಳಾಂಗಿಲ್ಲ. ತಮ್ಮನ ಸಲುವಾಗಿ ಒಮ್ಮೆ ಸುಮ್ನ ಇದ್ದದ್ದ ಸಾಕಾಗೇತಿ ನನಗ. ಮೊದಲ ಭಾಗ್ಯಾನ ಕರೀರಿ."

ಕರೆದೆ. ಭಾಗ್ಯಾ ಬಂದಳು, ನೆಲದ ಮೇಲೆ ಬಿಚ್ಚಿದ ಕೌದಿ ನೋಡಿದಳು, ಮೀನಾಕ್ಷಿಯ ಕೈ ನೋಡಿದಳು, ನನ್ನನ್ನು ನೋಡಿದಳು. ತಪ್ಪು ಸಿಕ್ಕಿಬಿದ್ದವರ ಮುಖ ಆಗಿರಲಿಲ್ಲ ಅವಳದು. ಕಳೆದ ವಸ್ತು ಸಿಕ್ಕಿದವರ ಮುಖ.

"ಇಲ್ಲಿತ್ತೇನು? ನಾ ಎಲ್ಲೆಲ್ಲಿ ಹುಡಕಿನ್ನಿ" ಎಂದಳು.

ನನಗೆ ಎಲ್ಲಿತ್ತೋ ಸಿಟ್ಟು, ಅವಳ ಬೆನ್ನಿಗೆ ಒಂದು ಗುದ್ದು ಗುದ್ದಿದೆ. ಅವಳನ್ನು ಹೊಡೆದದ್ದು ಅದೇ ಮೊದಲು, ಅದೇ ಕಡೆ.

ಆಗ ಹೇಳಿದಳು. ಧಾರವಾಡದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ಗಾಂಜಾವನ್ನು ಕಾನೂನುಬದ್ಧ ಮಾಡಬೇಕೇ ಬೇಡವೇ ಎಂಬುದು ವಿಷಯ. ಚೀಟಿ ಎತ್ತಿದಾಗ ಇವಳಿಗೆ ಬಂದದ್ದು ಬೇಕು ಎನ್ನುವ ಪಕ್ಷ. ಅಪ್ಪನಿಗೆ ಗೊತ್ತಾದರೆ ವೇದಿಕೆ ಹತ್ತಲು ಬಿಡುವುದಿಲ್ಲ ಎಂದು ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಕಾಯ್ದೆಯಲ್ಲಿ ಗಾಂಜಾ ಎಂದರೆ ಆ ಗಿಡದ ಹೂವಿನ ತೆನೆ ಮಾತ್ರವಂತೆ. ಬರೀ ಎಲೆಗೆ ಆ ಹೆಸರಿಲ್ಲವಂತೆ. ಜನರಿಗೆ ಈ ವ್ಯತ್ಯಾಸವೇ ಗೊತ್ತಿಲ್ಲ, ವೇದಿಕೆಯ ಮೇಲೆ ಎಲೆ ಎತ್ತಿ ತೋರಿಸಿ ಬೆರಗು ಮಾಡೋಣ ಎಂದು ಈ ಜಾಣೆ ರವಿವಾರ ಮುಗದಕ್ಕೆ ಹೋಗಿ ನನ್ನ ಅಣ್ಣ ಯಲ್ಲಪ್ಪನನ್ನು ಕೇಳಿದ್ದಾಳೆ. ಅವನ ತಿಪ್ಪೆಯ ಬದಿಗೆ ತಾನಾಗಿ ಹುಟ್ಟಿದ ಗಿಡ ಇತ್ತು, ಎತ್ತಿನ ಔಷಧಕ್ಕೆಂದು ಅವನು ಕಿತ್ತಿರಲಿಲ್ಲ.

"ನೀ ಕುಡೀತಿಯೇನು?" ಎಂದು ನೇರವಾಗಿ ಕೇಳಿದವಳು ಮೀನಾಕ್ಷಿ. ಹತ್ತು ದಿನ ನನ್ನ ಬಾಯಿಗೆ ಬಾರದ ಮಾತು.

"ಇಲ್ಲಕ್ಕಾ. ನಿಮ್ಮ ಕೂಸಿನ ಮ್ಯಾಲೆ ಕೈ ಇಟ್ಟ ಹೇಳ್ತೇನಿ. ಅದು ಬರೇ ಎಲಿ, ನೋಡ್ರಿ ಬೇಕಾದ್ರ" ಎಂದು ಭಾಗ್ಯಾ ಬಗ್ಗಿ ಆ ಒದ್ದೆ ಸೊಪ್ಪನ್ನು ಬೆರಳಿನಿಂದ ಬಿಡಿಸಿದಳು. ಬಿಡಿಸುತ್ತ ಬಿಡಿಸುತ್ತ ಅವಳ ಕೈ ನಿಂತಿತು. ಎಲೆಗಳ ನಡುವೆ ದಪ್ಪದಪ್ಪ ಕುಡಿಗಳಿದ್ದವು, ಹೂವು ಕಾಳು ಕಟ್ಟಿದವು. "ಅಜ್ಜಗ ಬರೇ ಎಲಿ ಕೊಡು ಅಂದಿದ್ನಿ" ಎಂದಳು.

ಅಲ್ಲಿಂದಲೇ ಅಣ್ಣನಿಗೆ ಫೋನು ಹಚ್ಚಿದೆವು. ಅವನಿಗೆ ಏನೂ ಅನ್ನಿಸಿಯೇ ಇರಲಿಲ್ಲ. "ಕೂಸು ಕೇಳಿತು, ಕೊಟ್ನಿ. ಸೊಪ್ಪು ಚಿವುಟುವಾಗ ಯಾರರೆ ಕುಡಿ ಬಿಟ್ಟು ಬಲಿತ ಎಲಿ ಕೊಡ್ತಾರೇನ? ಛಲೋ ಛಲೋ ಕುಡಿ ಆರಿಸಿ ಹಾಕಿನ್ನಿ. ಕಡಿಮಿ ಬಿತ್ತೇನು?" ಎಂದ.

ಯಾರೂ ನಗಲಿಲ್ಲ ಆಗ. ಸ್ಪರ್ಧೆಯ ತೀರ್ಪಿಗೆ ಬರುವವರು ನಿವೃತ್ತ ಜಡ್ಜರು ಎಂದು ಭಾಗ್ಯಾ ಹೇಳಿದಳು. ಅವರ ಮುಂದೆ ನಿಂತು, ಇದು ಗಾಂಜಾ ಅಲ್ಲ ಸ್ವಾಮಿ ಎಂದು ಇವಳು ಗಾಂಜಾವನ್ನೇ ಎತ್ತಿ ಹಿಡಿಯುತ್ತಿದ್ದಳು. ಅವಳು ನೆಲದ ಮೇಲೆ ಕುಸಿದು ಕುಳಿತು ಮೊಣಕಾಲಿಗೆ ಮುಖ ಹಚ್ಚಿ ಅತ್ತಳು. ಆಗ ಮೀನಾಕ್ಷಿ ಎದ್ದಳು. ಸೊಪ್ಪನ್ನು ಬಾಚಿ ಬಕೆಟ್ಟಿಗೆ ಹಾಕಿದಳು. "ಇವತ್ತ ನೀರ ಬಂದಾವು" ಎಂದಷ್ಟೇ ಹೇಳಿ ಸಂಡಾಸಿಗೆ ಹೋಗಿ ಮೂರು ಬಕೆಟ್ ಸುರಿದು ಬಂದಳು. ಕೈ ತೊಳೆದುಕೊಂಡು, ಕೂಸಿಗೆ ಹಾಲು ಕುಡಿಸುತ್ತ, ಭಾಗ್ಯಾಳನ್ನು ಎದುರಿಗೆ ಕೂರಿಸಿಕೊಂಡಳು.

"ಈಗ ಹೇಳು. ಬೇಕು ಅಂತ ಹೆಂಗ ಮಾತಾಡ್ತಿ? ನನಗ ಹೇಳು ಮೊದಲ."

ಭಾಗ್ಯಾ ಮೂಗು ಒರೆಸಿಕೊಂಡು ಹೇಳಿದಳು. ದಾರೂ ಅಂಗಡಿಗೆ ಸರ್ಕಾರವೇ ಪರವಾನಗಿ ಕೊಡುತ್ತದೆ, ಗುಟ್ಕಾ ಚೀಟಿ ಗೂಡಂಗಡಿಯಲ್ಲಿ ತೂಗಾಡುತ್ತದೆ, ಇದಕ್ಕೆ ಮಾತ್ರ ಜೈಲು ಏಕೆ. ಒಂದು ಪೊಟ್ಟಣ ಇಟ್ಟುಕೊಂಡವನನ್ನು ಒಳಗೆ ಹಾಕಿದರೆ ಮೂಟೆ ಮಾರುವವನಿಗೆ ಏನಾಯಿತು. ಚಟ ಹತ್ತಿದವನಿಗೆ ಡಾಕ್ಟರು ಬೇಕು, ಬೇಡಿ ಅಲ್ಲ.

ಮೀನಾಕ್ಷಿ ಕೂಸನ್ನು ಇನ್ನೊಂದು ಮಗ್ಗುಲಿಗೆ ಹಾಕಿಕೊಂಡಳು. "ನಮ್ಮ ತಮ್ಮ ಒಳಗ ಇದ್ದದ್ದು ನಾಕ ತಿಂಗಳ. ಬಂದ ಮ್ಯಾಲ ಒಬ್ರೂ ಕೆಲಸಾ ಕೊಡಲಿಲ್ಲ. ನೀ ಹೇಳೋದು ಖರೆ ಐತಿ. ಆದ್ರ ಒಳಗ ಹೋಗೂಕಿಂತ ಮೊದಲೂ ಅವ ನಮ್ಮ ತಮ್ಮ ಆಗಿ ಉಳಿದಿರಲಿಲ್ಲ. ಅರ್ಧ ಇದು ತಿಂತು, ಉಳಿದರ್ಧ ಮಂದಿ ತಿಂದ್ರು. ಈಗ ದಿನಾ ಗ್ವಾಡಿ ನೋಡಿಕೋತ ಕುಂಡ್ರತಾನ. ಅಂಗಡ್ಯಾಗ ಮಾರಾಕ ಹತ್ತಿದ್ರ ನಮ್ಮವ್ವ ಅವನ್ನ ಹೆಂಗ ಕಾಯಬೇಕು? ಇದನ್ನೂ ಹೇಳ್ತಿಯೇನು ಅಲ್ಲಿ?"

ಭಾಗ್ಯಾ ನೋಟುಬುಕ್ಕು ತರಲು ಎದ್ದು ಹೋದಳು. ಆ ಸಂಜೆ ಕತ್ತಲಾಗುವವರೆಗೂ ಅವರಿಬ್ಬರೂ ಮಾತಾಡುತ್ತಲೇ ಇದ್ದರು. ನಾನು ಕೌದಿಯ ಹೊಟ್ಟೆಗೆ ರೊಟ್ಟಿ ಇಟ್ಟು ಹೊಲಿಯುತ್ತಿದ್ದೆ, ಸೂಜಿ ಬೆರಳಿಗೆ ಎರಡು ಸಲ ಚುಚ್ಚಿತು. ಈರಣ್ಣ ಬರುವ ಹೊತ್ತಾಗುತ್ತಿತ್ತು. ಮೀನಾಕ್ಷಿ ಹೇಳುತ್ತಾಳೋ ಬಿಡುತ್ತಾಳೋ, ಅವಳ ಬಾಯಿಂದ ಒಂದು ಮಾತು ಬಂದಿರಲಿಲ್ಲ, ನಾನು ಕೇಳಲೂ ಇಲ್ಲ.

ಮರುದಿನ ಬೆಳಗ್ಗೆ ನಾನು ಕಟ್ಟೆ ಗುಡಿಸುತ್ತಿದ್ದೆ. ಈರಣ್ಣ ಟೊಪ್ಪಿಗೆ ಕೈಯಲ್ಲಿ ಹಿಡಿದು ಹೊರಗೆ ಬಂದ. ಗಾಡಿ ಶುರು ಮಾಡುವ ಮೊದಲು ನನ್ನ ಮುಂದೆ ನಿಂತ. ಕಸಬರಿಗೆಯನ್ನು ಗೋಡೆಗೆ ಒತ್ತಿ ಹಿಡಿದೆ.

"ಆಯಿ, ಆ ಹಸರ ಕಲೆ ಹೋಗವಲ್ದು. ಇನ್ನೊಂದ ಕೌದಿ ಹೊಲದ ಕೊಡ್ರಿ."

"ಕೊಡ್ತೇನಪಾ."

"ಹೊಟ್ಟಿಗೆ ರೊಟ್ಟಿ ಚೂರ ಅಷ್ಟ ಸಾಕ್ರಿ" ಎಂದು ಟೊಪ್ಪಿಗೆ ಹಾಕಿಕೊಂಡು ಹೊರಟುಹೋದ.

ಅವನಿಗೆ ಯಾವಾಗ ಗೊತ್ತಾಯಿತೋ, ಹಿಂದಿನ ಸಂಜೆಯೋ, ಹಗ್ಗದ ಮೇಲೆ ಕಲೆ ನೋಡಿದ ಮೊದಲ ದಿನವೇ ಆಗಿತ್ತೋ, ಇವತ್ತಿಗೂ ನಾನು ಕೇಳಿಲ್ಲ. ಅದೇ ದಿನ ಅಣ್ಣನಿಗೆ ಫೋನು ಮಾಡಿ ಗಿಡ ಕೀಳಿಸಿದೆ. "ಎತ್ತಿಗೆ ಬ್ಯಾನಿ ಬಂದ್ರ ನಿನ್ನ ಮೊಮ್ಮಗಳು ಬಂದು ಕಾಯ್ದೆ ಅರದ ಕುಡಿಸ್ತಾಳೇನು?" ಎಂದು ಗೊಣಗಿ ಗೊಣಗಿ ಕಿತ್ತ. ಬಸವರಾಜನಿಗೆ ಸ್ಪರ್ಧೆಯ ವಿಷಯ ನಾನೇ ಹೇಳಿದೆ, ಸೊಪ್ಪಿನ ವಿಷಯ ಹೇಳಲಿಲ್ಲ. "ಇಂಥಾ ವಿಷಯಕ್ಕ ಹೆಣ್ಣಮಕ್ಕಳು ಬಾಯಿ ಹಾಕಬೇಕೇನು?" ಎಂದ. "ನೀ ಬಾಯಿ ಮುಚ್ಚು" ಎಂದೆ. ಮುಚ್ಚಿದ.

ಸ್ಪರ್ಧೆಯ ದಿನ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋದೆವು, ನಾನು, ಭಾಗ್ಯಾ, ಕೂಸನ್ನು ಎತ್ತಿಕೊಂಡು ಮೀನಾಕ್ಷಿಯೂ. ಮೊದಲು ಮಾತಾಡಿದ ಹುಡುಗಿ ಬೇಡ ಎನ್ನುವ ಪಕ್ಷ. ಹಾಳಾದ ಮನೆಗಳ ಬಗ್ಗೆ ಹೇಳಿದಳು, ಚಪ್ಪಾಳೆ ಬಿತ್ತು, ನನಗೂ ಅವಳು ಹೇಳಿದ್ದೇ ಸರಿ ಅನ್ನಿಸಿತು. ಆಮೇಲೆ ನನ್ನ ಭಾಗ್ಯಾ ಎದ್ದಳು. ಅವಳು ಹೇಳಿದ್ದೂ ಸರಿ ಅನ್ನಿಸಿತು. ಇವತ್ತು ನನ್ನನ್ನು ಕೇಳಿದರೂ ಬೇಕೋ ಬೇಡವೋ ಎಂದು ನನಗೆ ಹೇಳಲು ಬಾರದು. ಅದು ಓದಿದವರು ಕೂಡಿ ತೀರ್ಮಾನ ಮಾಡಲಿ, ಆದರೆ ಮಾಡುವ ಮೊದಲು ಶಾರದವ್ವನ ಕಿಟಕಿಯನ್ನೂ ಮೀನಾಕ್ಷಿಯ ತವರನ್ನೂ ಒಮ್ಮೆ ನೋಡಿ ಬರಲಿ.

ಅವಳು ಮುಗಿಸುವ ಹೊತ್ತಿಗೆ ಆ ಜಡ್ಜರು ಕನ್ನಡಕ ಮೇಲೆ ಸರಿಸಿ ಕೇಳಿದರು. "ಇಷ್ಟೆಲ್ಲ ಹೇಳಿದೆಯಲ್ಲಮ್ಮಾ, ಆ ಗಿಡವನ್ನು ಕಣ್ಣಾರೆ ನೋಡಿದ್ದೀಯಾ?"

ಮೀನಾಕ್ಷಿ ನನ್ನ ತೊಡೆ ಹಿಡಿದಳು. ಇಲ್ಲ ಎನ್ನು ತಾಯಿ, ಇಲ್ಲ ಎನ್ನು ಎಂದು ನಾನು ಎಲ್ಲ ದೇವರನ್ನೂ ಒಟ್ಟಿಗೆ ಕರೆದೆ.

"ನೋಡೇನ್ರಿ ಸರ್" ಎಂದಳು. "ಮುಗದದಾಗ ಎತ್ತಿನ ಔಷಧಕ್ಕ ಅಂತ ಬಿಟ್ಟಿದ್ದ ಗಿಡ ನೋಡೇನಿ. ನಮ್ಮ ಓಣ್ಯಾಗ ತಮ್ಮನ ಕಿಸೆದಾಗ ಅದನ್ನ ಕಂಡು ಹೆದರಿದ ಅಕ್ಕನ್ನ ನೋಡೇನಿ. ನನ್ನ ಸಲುವಾಗಿ ಹೆದರಿದ ನಮ್ಮ ಆಯಿನ್ನೂ ನೋಡೇನಿ. ಈ ಮೂರೂ ಮನಿ ಬ್ಯಾರೆ ಬ್ಯಾರೆ ಅಲ್ರಿ. ಮೂರಕ್ಕೂ ಹೊಂದೂ ಕಾಯ್ದೆ ಬೇಕು ಅನ್ನೋದಷ್ಟ ನನ್ನ ವಾದ. ಅದನ್ನ ಹೆಂಗ ಬರೀಬೇಕು ನನಗ ಇನ್ನೂ ಗೊತ್ತಿಲ್ರಿ."

ಅವರು ಅವಳನ್ನು ನೋಡಿದರು. ಬಹಳ ಹೊತ್ತು ಎಂದು ನನಗೆ ಅನ್ನಿಸಿತು, ಮೀನಾಕ್ಷಿ ಈಗಲೂ ಬರೀ ಒಂದು ನಿಮಿಷ ಎನ್ನುತ್ತಾಳೆ. "ಕುಳಿತುಕೋ" ಎಂದು ಹಾಳೆಯ ಮೇಲೆ ಏನೋ ಬರೆದರು. ಅವಳಿಗೆ ಮೂರನೆಯ ಬಹುಮಾನ ಬಂತು. ಬೇಡ ಎಂದ ಹುಡುಗಿಗೆ ಮೊದಲನೆಯದು.

ಬಸ್ಸಿನಲ್ಲಿ ತಿರುಗಿ ಬರುವಾಗ ನನ್ನ ಪಕ್ಕ ಕುಳಿತಿದ್ದಳು. ನವಲೂರು ದಾಟಿದ ಮೇಲೆ ಮೆಲ್ಲಗೆ ಕೇಳಿದಳು. "ಆಯಿ, ಅದು ಸಿಕ್ಕಾಗ ನನ್ನ ಯಾಕ ಕೇಳಲಿಲ್ಲ ನೀ? ನೀ ಕುಡೀತಿಯೇನು ಅಂತ ಒಂದ ಮಾತ. ಮೀನಾಕ್ಷಿ ಅಕ್ಕ ಕೇಳಿದ್ಲಲ್ಲ."

ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಉತ್ತರ ಇರಲಿಲ್ಲ ಎಂದಲ್ಲ. ಬಾಯಿಗೆ ತರಲು ಆಗಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಹೋದ ಸೋಮವಾರ ಕೋರ್ಟಿನಿಂದ ಹೊರಗೆ ಬಂದು ಇಬ್ಬರೂ ಒಂದು ಗಿರಮಿಟ್ಟು ಅಂಗಡಿಯಲ್ಲಿ ಕುಳಿತೆವು. ಕೋಟಿಗೆ ಎಣ್ಣೆ ಹತ್ತೀತೆಂದು ಅವಳು ಅದನ್ನು ಕಳಚಿ ಮಡಿಚಿ ನನ್ನ ತೊಡೆಯ ಮೇಲೆ ಇಟ್ಟಿದ್ದಳು. ಮೆಣಸಿನಕಾಯಿ ಭಜಿ ಮುರಿದು ನನ್ನ ತಟ್ಟೆಗೆ ಹಾಕುತ್ತಿದ್ದಳು. ಆಗ ಹೇಳಿದೆ.

"ಕೇಳಿದ್ರ ನೀ ಹೌದು ಅಂದಿಯಂತ ಹೆದರಿದ್ನಿ. ಹೌದು ಅಂದ ಮ್ಯಾಲ ನಿನ್ನ ಏನ್ ಮಾಡಬೇಕು ನನಗ ಆಗ ಗೊತ್ತಿರಲಿಲ್ಲ."

ಅವಳು ಭಜಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಕೇಳಿದಳು. "ಈಗ ಗೊತ್ತೈತೇನು?"

"ಐತಿ. ಹೌದು ಅಂದ್ರೂ ನಿನ್ನ ಬಾಜೂಕ ಕುಂಡ್ರಬೇಕು. ಅಷ್ಟ."

ಅವಳ ಕಣ್ಣು ತುಂಬಿದವು. ಮೆಣಸಿನಕಾಯಿ ಖಾರ ಎಂದು ಸೆರಗಿನಲ್ಲಿ, ನನ್ನ ಸೆರಗಿನಲ್ಲೇ, ಒರೆಸಿಕೊಂಡಳು.

"ಒಂದ ಉತ್ತರ ಕೊಡಾಕ ಮೂರ ವರ್ಷ ತಗೊಂಡ್ಯಬೇ" ಎಂದಳು. "ಇರ್ಲಿ ಬಿಡು. ಕೋರ್ಟಿಗಿಂತ ಲಗೂನ ಆತು."